ಮಂಜರಾಬಾದ್ ಎಂಬ ಹೆಸರು ಬಟ್ಟಲಿಗೆ ಇಳಿದದ್ದು

ಹಾಸನದಿಂದ ಮಂಗಳೂರಿನ ಬಸ್ಸು ಹತ್ತಿ ಬಲಗಡೆಯ ಕಿಟಕಿಯ ಪಕ್ಕ ಕುಳಿತರೆ ಒಂದು ಗಂಟೆಯೊಳಗೆ ಮೂರು ಬಗೆಯ ನಾಡನ್ನು ನೋಡಬಹುದು. ಮೊದಲು ಬಯಲು. ಆಲೂರು ದಾಟುವ ಹೊತ್ತಿಗೆ ಗದ್ದೆ, ಶುಂಠಿ, ಜೋಳದ ನಡುವೆ ಅಲ್ಲೊಂದು ಇಲ್ಲೊಂದು ಕಾಫಿ ಗಿಡದ ಸಾಲು ತಲೆ ಎತ್ತುತ್ತದೆ. ಬಾಳ್ಳುಪೇಟೆ ಬಿಟ್ಟ ಮೇಲೆ ಗದ್ದೆಗಳು ಬೆಟ್ಟಗಳ ಸಂದಿಗೆ ಸರಿದು, ರಸ್ತೆಯ ಎರಡೂ ಬದಿಗೆ ನೆರಳು ಮರಗಳ ಕೆಳಗೆ ತೋಟಗಳೇ ತೋಟಗಳು. ಹೇಮಾವತಿಯ ಸೇತುವೆ ದಾಟಿದರೆ ಸಕಲೇಶಪುರ. ಅಲ್ಲಿಂದ ಮುಂದೆ ದೋಣಿಗಾಲ್, ಮಾರನಹಳ್ಳಿ, ಆಮೇಲೆ ಶಿರಾಡಿಯ ಇಳಿಜಾರು.

ಇಂಥ ನದಿ, ಇಂಥ ಕಣಿವೆ, ಇಂಥ ರಸ್ತೆ ಪರದೇಶಗಳಲ್ಲಿ ಇದ್ದರೆ ಅದಕ್ಕೊಂದು ಹೆಸರಿನ ಹಲಗೆ ಬೀಳುತ್ತದೆ. ಅಮೆರಿಕದಲ್ಲಿ ಕೊಲರಾಡೊ ನದಿ ಕಲ್ಲುಕಣಿವೆಯಿಂದ ಹೊರಬೀಳುವ ಪಾಲಿಸೇಡ್ ಎಂಬ ಪುಟ್ಟ ಊರಿನ ಸುತ್ತ, ಮಳೆಯೇ ಬಾರದ ಎತ್ತರದ ಒಣನೆಲದಲ್ಲಿ, ನದಿಯ ನೀರು ತಿರುಗಿಸಿ ದ್ರಾಕ್ಷಿ ಬೆಳೆಯುತ್ತಾರೆ. ಪ್ರವಾಸಿಗರು ಒಂದು ವೈನರಿಯಿಂದ ಇನ್ನೊಂದಕ್ಕೆ ಕಾರಿನಲ್ಲಿ ಹೋಗಿ ರುಚಿ ನೋಡಿ ಬರುತ್ತಾರೆ. ಆ ಕಣಿವೆಗೆ ‘ಗ್ರ್ಯಾಂಡ್ ವ್ಯಾಲಿ’ ಎಂಬ ಹೆಸರನ್ನು ಅಲ್ಲಿನ ಸರ್ಕಾರ 1991ರಲ್ಲಿ ದ್ರಾಕ್ಷಿ ಸೀಮೆ ಎಂದು ಅಧಿಕೃತವಾಗಿ ಬರೆದುಕೊಟ್ಟಿತು. ಪೋರ್ಚುಗಲ್ ದೇಶದ ಡೌರೊ ನದಿಯ ಕಣಿವೆ ಇನ್ನೂ ಹಳೆಯದು. ಅಲ್ಲಿ 1756ರಲ್ಲೇ ಎಲ್ಲೆ ಗುರುತಿಸಿ, ಕಲ್ಲು ನೆಟ್ಟು, ‘ಇದರೊಳಗೆ ಬೆಳೆದದ್ದು ಮಾತ್ರ ಈ ಹೆಸರಿನ ದ್ರಾಕ್ಷಾರಸ’ ಎಂದು ಸರ್ಕಾರ ಕಟ್ಟು ಮಾಡಿತು.

ಸಕಲೇಶಪುರದಲ್ಲಿ ದ್ರಾಕ್ಷಿ ಇಲ್ಲ, ನಿಜ. ಕರ್ನಾಟಕದ ದ್ರಾಕ್ಷಾರಸದ ನೆಲೆ ನಂದಿ ಬೆಟ್ಟದ ತಪ್ಪಲು ಮತ್ತು ವಿಜಯಪುರದ ಕಡೆ. ಆದರೆ ಬೆಟ್ಟ, ಮಳೆ, ಮಣ್ಣು, ನೆರಳು ಎಲ್ಲವೂ ಒಂದು ಬೆಳೆಯ ರುಚಿಯೊಳಗೆ ಇಳಿಯುತ್ತವೆ ಎಂಬ ಮಾತು ದ್ರಾಕ್ಷಿಗೆ ಎಷ್ಟು ಸಲ್ಲುತ್ತದೋ ಕಾಫಿಗೂ ಅಷ್ಟೇ ಸಲ್ಲುತ್ತದೆ. ಹಾಗಾದರೆ ಹೇಮಾವತಿಯ ದಂಡೆಯ ಈ ಕಾಫಿಗೆ ಹೆಸರೇನು? ಹೆಸರಿದೆ. ಮಂಜರಾಬಾದ್. ಕಾಫಿ ಮಂಡಳಿಯ ಪ್ರಾದೇಶಿಕ ಕಾಫಿಗಳ ಪಟ್ಟಿಯಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಗಳ ಜೊತೆಗೆ ಅದೂ ಒಂದು. ಆದರೆ ಸಕಲೇಶಪುರದ ಹೋಟೆಲಿನಲ್ಲಿ ಕುಳಿತು ‘ಮಂಜರಾಬಾದ್ ಕಾಫಿ ಕೊಡಿ’ ಎಂದರೆ ಮಾಣಿ ಕಣ್ಣರಳಿಸಿ ನೋಡಬಹುದು. ಊರಿನವರೇ ಮರೆತಂತಿರುವ ಈ ಹೆಸರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದೇ ಈ ವಾರದ ಕಥೆ.

ಮಂಜಿನೊಳಗಿನ ಕೋಟೆ

ಸಕಲೇಶಪುರದಿಂದ ಮಂಗಳೂರಿನ ಕಡೆ ಐದಾರು ಕಿಲೋಮೀಟರ್ ಹೋದರೆ ದೋಣಿಗಾಲ್ ಬಳಿ ಗುಡ್ಡದ ಮೇಲೊಂದು ಕೋಟೆ ಇದೆ. ಸಮುದ್ರಮಟ್ಟದಿಂದ ಸುಮಾರು 3,240 ಅಡಿ ಎತ್ತರ. ಎಂಟು ಮೂಲೆಯ ನಕ್ಷತ್ರದ ಆಕಾರ. ಟಿಪ್ಪು ಸುಲ್ತಾನ್ ಕಟ್ಟಿಸಿದ ಈ ಕೋಟೆ 1792ರ ಹೊತ್ತಿಗೆ ಮುಗಿಯಿತೆಂದು ಹೇಳುತ್ತಾರೆ. ಫಿರಂಗಿ ಕಾಲದ ಯುದ್ಧಕ್ಕೆ ಫ್ರೆಂಚರು ರೂಪಿಸಿದ ಮಾದರಿ ಇದು. ಗೋಡೆ ನೇರವಾಗಿದ್ದರೆ ಕೆಳಗೆ ಅಡಗಿದ ಶತ್ರು ಕಾಣುವುದಿಲ್ಲ. ನಕ್ಷತ್ರದ ಮೂಲೆಗಳಿಂದಾದರೆ ಪ್ರತಿ ಗೋಡೆಯ ಬುಡವೂ ಪಕ್ಕದ ಮೂಲೆಯಲ್ಲಿರುವ ಬಂದೂಕಿನ ಕಣ್ಣಿಗೆ ಬೀಳುತ್ತದೆ.

ಸುಲ್ತಾನ ಇಲ್ಲಿಗೆ ಬಂದಾಗ ಬೆಟ್ಟವೆಲ್ಲ ಮಂಜು ಮುಸುಕಿತ್ತಂತೆ, ಅದಕ್ಕೇ ‘ಮಂಜಿನ ಆಬಾದ್’ ಎಂದು ಕರೆದನಂತೆ ಎಂಬುದು ಜನರ ಬಾಯಲ್ಲಿರುವ ಮಾತು. ಕನ್ನಡದ ಮಂಜು, ಪಾರ್ಸಿಯ ಆಬಾದ್ ಎರಡೂ ಸೇರಿ ಊರಿನ ಹೆಸರಾಯಿತು ಎನ್ನುವುದು ಕೇಳಲು ಚೆನ್ನಾಗಿದೆ. ಮಳೆಗಾಲದಲ್ಲಿ ಅಲ್ಲಿ ನಿಂತವರಿಗೆ ಇದನ್ನು ನಂಬದಿರುವುದು ಕಷ್ಟ.

ಇಲ್ಲಿಯೇ ಏಕೆ ಕೋಟೆ? ಉತ್ತರ ಕೆಳಗಿನ ರಸ್ತೆಯಲ್ಲಿದೆ. ಶ್ರೀರಂಗಪಟ್ಟಣಕ್ಕೂ ಮಂಗಳೂರಿನ ಬಂದರಿಗೂ ನಡುವಿನ ಹಾದಿ ಈ ಘಟ್ಟದಲ್ಲಿ ಹಾದುಹೋಗುತ್ತಿತ್ತು. ಉಪ್ಪು, ಒಣಮೀನು ಮೇಲಕ್ಕೆ ಬರಬೇಕು. ಅಕ್ಕಿ, ಮೆಣಸು, ಏಲಕ್ಕಿ ಕೆಳಕ್ಕೆ ಹೋಗಬೇಕು. ಘಟ್ಟವನ್ನು ಹಿಡಿದವನ ಕೈಯಲ್ಲಿ ಬಂದರಿನ ಬಾಗಿಲ ಬೀಗದ ಕೈ.

ಟಿಪ್ಪುವಿಗೆ ಮೊದಲು ಈ ನಾಡಿಗೆ ಬಲಂ ಎಂದು ಹೆಸರು. ಐಗೂರಿನ ಪಾಳೆಯಗಾರರು ಆಳುತ್ತಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೂ ಐಗೂರಿನ ಕೃಷ್ಣಪ್ಪ ನಾಯಕ ಇಂಗ್ಲಿಷರಿಗೆ ತಲೆಬಾಗಲಿಲ್ಲ. ಅರಕೆರೆಯ ಸುತ್ತಲ ದಟ್ಟ ಕಾಡೇ ಅವನ ಕೋಟೆ. 1800ರಲ್ಲಿ ಒಮ್ಮೆ ಇಂಗ್ಲಿಷರ ದಂಡಿಗೆ ಏಟು ಬಿತ್ತು. ಕೊನೆಗೆ 1802ರಲ್ಲಿ ಆರ್ಥರ್ ವೆಲ್ಲೆಸ್ಲಿ ತಾನೇ ಸೇನೆ ತಂದು ಅರಕೆರೆಯನ್ನು ಹಿಡಿದ. ನಾಯಕನಿಗೆ ಗಲ್ಲು ಆಯಿತು. ಮುಂದೆ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಜಗತ್ತಿಗೇ ಹೆಸರಾದ ವೆಲ್ಲಿಂಗ್ಟನ್ ಇದೇ ವೆಲ್ಲೆಸ್ಲಿ. ಅಲ್ಲಿಂದ ಮುಂದೆ ಈ ಕಾಡು ಹೊರಗಿನವರಿಗೆ ತೆರೆಯಿತು. ಕಾಫಿಯ ಕಥೆ ಹೇಳುವಾಗ ಬಲಂ ನಾಡಿನ ಈ ಗಲ್ಲುಮರವನ್ನು ಸಾಮಾನ್ಯವಾಗಿ ಯಾರೂ ನೆನೆಯುವುದಿಲ್ಲ. ಆದರೆ ದೊರೆಗಳು ತೋಟ ಹಾಕಲು ಬಂದದ್ದು ಇದಾದ ನಲವತ್ತು ವರ್ಷಕ್ಕೆ ಎಂಬುದು ನೆನಪಿರಲಿ.

ಹಿತ್ತಿಲ ಗಿಡ, ಸರ್ಕಾರದ ಪಾಲು

ಕಾಫಿ ದೊರೆಗಳು ತಂದ ಬೆಳೆ ಎಂದು ಅನೇಕರು ತಿಳಿದಿದ್ದಾರೆ. ಅದು ಅರ್ಧ ಸತ್ಯವೂ ಅಲ್ಲ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಮೆಕ್ಕಾ ಯಾತ್ರೆಯಿಂದ ಮರಳುವಾಗ ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬ ಐತಿಹ್ಯ ಎಲ್ಲರಿಗೂ ಗೊತ್ತು. ಬೆಟ್ಟದಿಂದ ಗಿಡ ನಿಧಾನವಾಗಿ ಊರುಗಳಿಗೆ ಇಳಿಯಿತು. ಮಲೆನಾಡಿನ ಗೌಡರ ಮನೆಯ ಹಿತ್ತಿಲಲ್ಲಿ ಬಾಳೆ, ಹಲಸಿನ ನಡುವೆ ನಾಲ್ಕಾರು ಕಾಫಿ ಗಿಡಗಳೂ ಸೇರಿಕೊಂಡವು.

ಆಗ ಇದರ ಮೇಲೆ ಇದ್ದ ತೆರಿಗೆಗೆ ವಾರ ಎಂದು ಹೆಸರು. ಬೆಳೆದ ಕಾಫಿಯಲ್ಲಿ ಅರ್ಧ ಸರ್ಕಾರಕ್ಕೆ. ಆ ಪಾಲನ್ನು ಸರ್ಕಾರ ಗುತ್ತಿಗೆಗೆ ಕೊಡುತ್ತಿತ್ತು. ಹಿತ್ತಿಲ ಗಿಡದ ಅರ್ಧ ಫಸಲು ಗುತ್ತಿಗೆದಾರನಿಗೆ ಹೋಗುವುದಾದರೆ ಹೆಚ್ಚು ಗಿಡ ನೆಡುವವರು ಯಾರು? 1838ರಲ್ಲಿ ವಾರ ಪದ್ಧತಿ ರದ್ದಾಗಿ ಮಣಕ್ಕೆ ಇಷ್ಟು ಎಂಬ ಹಾಲತ್ ಸುಂಕ ಬಂತು. 1849ರಲ್ಲಿ ಅದು ಮಣಕ್ಕೆ 4 ಆಣೆಗೆ ಇಳಿಯಿತು. ಆಗಿನ ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಸುಂಕ ಇಳಿದದ್ದಕ್ಕೂ ದೊರೆಗಳ ತೋಟಗಳು ಬೆಳೆದದ್ದಕ್ಕೂ ಕಾಲ ಹೊಂದಿಕೊಂಡಿರುವುದನ್ನು ಗಮನಿಸಬಹುದು.

1830ರ ಸುಮಾರಿಗೆ ಕ್ಯಾನನ್ ಎಂಬ ಇಂಗ್ಲಿಷ್ ಪ್ಲಾಂಟರ್ ಬಾಬಾಬುಡನ್‌ಗಿರಿಯ ದಕ್ಷಿಣದ ಎತ್ತರದಲ್ಲಿ ತೋಟ ಹಾಕಿದ. ಮಂಜರಾಬಾದಿನಲ್ಲಿ ಮೊದಲ ಯೂರೋಪಿಯನ್ ತೋಟ 1843ರಲ್ಲಿ, ಫ್ರೆಡರಿಕ್ ಗ್ರೀನ್ ಎಂಬಾತನದು. 1856ರಲ್ಲಿ ರಾಬರ್ಟ್ ಹೆನ್ರಿ ಎಲಿಯಟ್ ಬಂದ. ಆಗ ಅವನಿಗೆ ಹತ್ತೊಂಬತ್ತರ ಆಸುಪಾಸು. ಈಗಿನ ಲೆಕ್ಕದಲ್ಲಿ ಕಾಲೇಜಿನ ಹುಡುಗ. ಮುಂದೆ 1871ರಲ್ಲಿ ಮೈಸೂರು ಕಾಡುಗಳ ಪ್ಲಾಂಟರನ ಅನುಭವಗಳನ್ನು ಎರಡು ಸಂಪುಟಗಳಲ್ಲಿ, 1894ರಲ್ಲಿ ಚಿನ್ನ, ಬೇಟೆ ಮತ್ತು ಕಾಫಿ ಕೃಷಿಯ ಬಗ್ಗೆ ಇನ್ನೊಂದು ಪುಸ್ತಕವನ್ನು ಬರೆದ. ಮಂಜರಾಬಾದ್ ಎಂಬ ಹೆಸರು ಲಂಡನ್ನಿನ ಓದುಗರಿಗೆ ಪರಿಚಯವಾದದ್ದರಲ್ಲಿ ಅವನ ಪಾಲು ದೊಡ್ಡದು.

ದೊರೆಗಳು ಇಲ್ಲಿಗೇ ಬಂದದ್ದು ಏಕೆಂದರೆ ನೆಲ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಅರೇಬಿಕಾ ಗಿಡಕ್ಕೆ ತೀರ ಸೆಕೆಯೂ ಆಗದು, ಹಿಮವೂ ಆಗದು. ಮಂಜರಾಬಾದಿನ ತೋಟಗಳು ಸಾಮಾನ್ಯವಾಗಿ 900ರಿಂದ 1,100 ಮೀಟರ್ ಎತ್ತರದಲ್ಲಿವೆ. ಘಟ್ಟದ ನೆತ್ತಿಯಲ್ಲಿ ಮಳೆ, ಗಾಳಿ ಎರಡೂ ಅತಿ. ಅಲ್ಲಿ ಹುಲ್ಲುಗುಡ್ಡ ಮತ್ತು ಏಲಕ್ಕಿಯ ಕಣಿವೆ. ಆಲೂರಿನಾಚೆ ಪೂರ್ವಕ್ಕೆ ಹೋದರೆ ಮಳೆ ಸಾಲದು. ಎರಡರ ನಡುವಿನ ಪಟ್ಟಿಯೇ ಕಾಫಿಯದು. ಬಿಸ್ಲೆಯ ಹಾದಿಯಲ್ಲಿ ಮಂಕನಹಳ್ಳಿಯ ಬಳಿ ನೀರು ಇಬ್ಭಾಗವಾಗುವ ಏರಿನ ಗುರುತಿಗೆ ಕಲ್ಲೊಂದಿದೆ. ಈ ಬದಿ ಬಿದ್ದ ಹನಿ ಹೇಮಾವತಿ, ಕಾವೇರಿಗಳ ಮೂಲಕ ಬಂಗಾಳ ಕೊಲ್ಲಿಗೆ. ಆ ಬದಿಯದು ಕುಮಾರಧಾರಾ, ನೇತ್ರಾವತಿಗಳ ಮೂಲಕ ಅರಬ್ಬೀ ಸಮುದ್ರಕ್ಕೆ. ನೀರು ಪೂರ್ವಕ್ಕೂ ಕಾಫಿ ಪಶ್ಚಿಮಕ್ಕೂ ಹರಿಯಿತು ಎಂದರೆ ತಪ್ಪಲ್ಲ.

ಕಾಂಡಕೊರಕ ಕಲಿಸಿದ ಪಾಠ

ಮೊದಮೊದಲು ಅನೇಕ ಪ್ಲಾಂಟರುಗಳು ಕಾಡನ್ನು ಪೂರಾ ಕಡಿದು, ಸುಟ್ಟು, ಬೂದಿಯ ಮೇಲೆ ಗಿಡ ನೆಟ್ಟರು. ಬಿಸಿಲು ಬಿದ್ದರೆ ಫಸಲು ಹೆಚ್ಚು ಎಂಬ ಲೆಕ್ಕಾಚಾರ. ಕೆಲವು ವರ್ಷ ಹಾಗೇ ಆಯಿತು. 1860ರ ದಶಕದ ನಡುವೆ ಮಳೆ ಕೈಕೊಟ್ಟಿತು. ಗಿಡಗಳು ನಿಂತಲ್ಲೇ ಹಳದಿಯಾಗಿ ಒಣಗತೊಡಗಿದವು. ಕಾಂಡ ಸೀಳಿ ನೋಡಿದರೆ ಒಳಗೆ ಬಿಳಿ ಹುಳು. ಇದೇ ಕಾಂಡಕೊರಕ. ತೋಟಕ್ಕೆ ತೋಟವೇ ನೆಲ ಕಚ್ಚಿತು. ಮದ್ರಾಸ್ ಸರ್ಕಾರ ಜಾರ್ಜ್ ಬಿಡೀ ಎಂಬ ವೈದ್ಯಾಧಿಕಾರಿಯನ್ನು ತನಿಖೆಗೆ ಕಳಿಸಿತು. 1869ರಲ್ಲಿ ಅವನ ವರದಿ ಬಂತು. ನೆರಳು ಬೇಕು ಎಂಬುದು ಅದರ ಮುಖ್ಯ ಸಲಹೆಗಳಲ್ಲೊಂದು.

ಕಾರಣ ಸರಳ. ಕಾಂಡಕೊರಕದ ದುಂಬಿಗೆ ಬಿಸಿಲು ಬೀಳುವ ಕಾಂಡವೇ ಇಷ್ಟ. ತೊಗಟೆಯ ಬಿರುಕಿನಲ್ಲಿ ಅದು ಮೊಟ್ಟೆ ಇಡುತ್ತದೆ. ಮರದ ನೆರಳಿದ್ದರೆ ದುಂಬಿ ಕಡಿಮೆ, ಮಣ್ಣಿನ ತೇವ ಹೆಚ್ಚು, ಉದುರಿದ ಎಲೆಯೇ ಗೊಬ್ಬರ. ಮನೆಯ ಹಿತ್ತಿಲಲ್ಲಿ ಹಲಸಿನ ನೆರಳಿಗೆ ಕಾಫಿ ನೆಟ್ಟಿದ್ದ ಊರಿನ ರೈತ ಮೊದಲಿಂದಲೂ ಮಾಡುತ್ತಿದ್ದುದು ಇದನ್ನೇ. ದೊರೆಗಳು ಲಕ್ಷಾಂತರ ಗಿಡ ಕಳೆದುಕೊಂಡು ಅದನ್ನು ಕಲಿತರು. ನೆರಳಿನ ಕಟ್ಟಾ ವಕೀಲನಾದ ಎಲಿಯಟ್ ಯಾವ ಮರ ಒಳ್ಳೆಯದು, ಯಾವುದು ಆಗದು ಎಂದು ತನ್ನ ಪುಸ್ತಕದಲ್ಲಿ ವಿವರವಾಗಿ ಬರೆದ. ಬಸರಿ, ಗೋಣಿ ಮುಂತಾದ ಹೆಸರುಗಳು ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ, ಆದರೆ ಕನ್ನಡದ ಉಚ್ಚಾರದಲ್ಲೇ ಇವೆ. ಅವನಿಗೆ ಅವನ್ನು ಹೇಳಿಕೊಟ್ಟವರು ಯಾರು ಎಂಬುದನ್ನು ಆ ಹೆಸರುಗಳೇ ಹೇಳುತ್ತವೆ.

ಕಾಟ ಅಲ್ಲಿಗೆ ಮುಗಿಯಲಿಲ್ಲ. ‘ಚಿಕ್’ ಎಂದು ಕರೆಯುತ್ತಿದ್ದ ಹಳೆಯ ಚಿಕ್ಕಮಗಳೂರು ತಳಿ ಸೋತಾಗ ಕೊಡಗಿನ ತಳಿ ಬಂತು. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಸ್ವಲ್ಪ ಕಾಲದಲ್ಲೇ ಇಲ್ಲಿಗೂ ಹಬ್ಬಿತು. ಸಿಂಹಳದವರು ಕಾಫಿ ಕಿತ್ತು ಟೀ ನೆಟ್ಟರು. ಮೈಸೂರಿನವರು ಕಾಫಿಯನ್ನು ಬಿಡಲಿಲ್ಲ. 1911ರಲ್ಲಿ ಎಲ್.ಪಿ. ಕೆಂಟ್ ಎಂಬ ಪ್ಲಾಂಟರ್ ತನ್ನ ದೊಡ್ಡನಗುಡ್ಡ ತೋಟದಲ್ಲಿ ತುಕ್ಕು ತಡೆಯುವ ಗಿಡವನ್ನು ಗುರುತಿಸಿದ; ಅದೇ ‘ಕೆಂಟ್ಸ್’ ತಳಿ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಆರಂಭವಾಯಿತು. ಅಲ್ಲಿ ಕೆಂಟ್ಸ್ ರಕ್ತವನ್ನೂ ಬೆರೆಸಿ ರೂಪಿಸಿದ ಎಸ್. 795 ತಳಿ 1940ರ ದಶಕದಲ್ಲಿ ಹೊರಬಂದು ಮಲೆನಾಡಿನ ಅರೇಬಿಕಾ ತೋಟಗಳ ಬೆನ್ನೆಲುಬಾಯಿತು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಬಂದ ರೊಬಸ್ಟಾ ರೋಗಕ್ಕೆ ಜಗ್ಗದ ಗಟ್ಟಿಗ. ಇಂದು ದೇಶದ ಕಾಫಿಯಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಅದರದೇ. ಆದರೆ ಮಂಜರಾಬಾದಿನ ಹೆಸರು ಇಂದಿಗೂ ಅಂಟಿಕೊಂಡಿರುವುದು ಅರೇಬಿಕಾಕ್ಕೆ.

ಕಣದಿಂದ ಕಡಲಿಗೆ

ದ್ರಾಕ್ಷಿ ಕೊಯ್ದ ಮೇಲೆ ವೈನರಿಯಲ್ಲಿ ಏನು ನಡೆಯುತ್ತದೋ ಅದರ ತಮ್ಮನಂಥ ಕೆಲಸ ಕಾಫಿಗೂ ಇದೆ. ಮಾರ್ಚ್–ಏಪ್ರಿಲ್ ಹೊತ್ತಿಗೆ ಹೂಮಳೆ ಬಿದ್ದರೆ ಒಂಬತ್ತು ಹತ್ತು ದಿನಕ್ಕೆ ತೋಟವೆಲ್ಲ ಮಲ್ಲಿಗೆ ಮುಡಿದಂತೆ ಬಿಳಿ. ಮತ್ತೆ ಕೆಲವು ವಾರದೊಳಗೆ ಇನ್ನೊಂದು ಮಳೆ ಬರಬೇಕು. ಇಲ್ಲದಿದ್ದರೆ ಕಾಯಿ ನಿಲ್ಲದು. ಅರೇಬಿಕಾ ನವೆಂಬರಿನಿಂದ ಕೊಯ್ಲಿಗೆ ಬರುತ್ತದೆ. ಹಣ್ಣಾದದ್ದನ್ನು ಮಾತ್ರ ಕೊಯ್ಯಬೇಕು. ಅದೇ ದಿನ ಪಲ್ಪರಿಗೆ ಹಾಕಿ ಸಿಪ್ಪೆ ಬೇರ್ಪಡಿಸಿ, ಬೀಜದ ಮೇಲಿನ ಲೋಳೆ ಹುಳಿತು ಬಿಡುವವರೆಗೆ ತೊಟ್ಟಿಯಲ್ಲಿಟ್ಟು, ತೊಳೆದು, ಕಣದಲ್ಲಿ ಒಣಗಿಸಿದರೆ ಪಾರ್ಚ್‌ಮೆಂಟ್. ಹಣ್ಣನ್ನು ಸಿಪ್ಪೆಯ ಸಮೇತ ಹಾಗೇ ಒಣಗಿಸಿದರೆ ಚೆರಿ. ತೊಟ್ಟಿಯಲ್ಲಿ ಆರು ಗಂಟೆ ಹೆಚ್ಚಾದರೂ, ಕಣದಲ್ಲಿ ಒಂದು ರಾತ್ರಿ ಮಳೆ ಬಿದ್ದರೂ ರುಚಿ ಕೆಡುತ್ತದೆ.

ಹೀಗೆ ಒಣಗಿದ ಕಾಫಿ ಎತ್ತಿನ ಗಾಡಿ ಏರಿ ಘಟ್ಟ ಇಳಿದು ಮಂಗಳೂರು ಸೇರುತ್ತಿತ್ತು. ಅಲ್ಲಿನ ಕ್ಯೂರಿಂಗ್ ಮನೆಗಳಲ್ಲಿ ಹೊಟ್ಟು ತೆಗೆದು, ಗಾತ್ರ ನೋಡಿ, ಹೆಂಗಸರು ಕೈಯಿಂದ ಕಪ್ಪುಬೀಜ ಆರಿಸಿ, ಮೂಟೆ ಕಟ್ಟಿ ಹಡಗಿಗೆ ಹಾಕುತ್ತಿದ್ದರು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಹಡಗು ಆಫ್ರಿಕಾ ಸುತ್ತಿ ಯೂರೋಪು ಮುಟ್ಟಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಸಮುದ್ರದ ತೇವ ಕುಡಿದು ಬೀಜ ಉಬ್ಬಿ ಹಳದಿ ಬಣ್ಣಕ್ಕೆ ತಿರುಗುತ್ತಿತ್ತು. ಅಲ್ಲಿನ ಜನರಿಗೆ ಆ ರುಚಿಯೇ ಒಗ್ಗಿಹೋಯಿತು. ಹಡಗು ಬೇಗ ಮುಟ್ಟತೊಡಗಿದಾಗ, ಕರಾವಳಿಯ ಗೋದಾಮುಗಳಲ್ಲಿ ಬೀಜವನ್ನು ಮುಂಗಾರಿನ ಗಾಳಿಗೆ ಹರಡಿ ಅದೇ ಬಣ್ಣ ಬರಿಸುವ ಪದ್ಧತಿ ಬೆಳೆಯಿತು. ‘ಮಾನ್ಸೂನ್ಡ್ ಮಲಬಾರ್’ ಎಂದು ಅದು ಇಂದಿಗೂ ಮಾರಾಟವಾಗುತ್ತದೆ. ಬೆಳೆದದ್ದು ಘಟ್ಟದ ಮೇಲೆ, ಹೆಸರು ಘಟ್ಟದ ಕೆಳಗಿನದು!

ಡೌರೊ ಕಣಿವೆಯ ದ್ರಾಕ್ಷಾರಸಕ್ಕೂ ಹೀಗೇ ಆಗಿದೆ. ಬೆಟ್ಟದಲ್ಲಿ ಬೆಳೆದು ನದಿಯಲ್ಲಿ ದೋಣಿ ಏರಿ ಪೋರ್ಟೊ ಎಂಬ ಬಂದರಿಗೆ ಬಂದ ರಸಕ್ಕೆ ‘ಪೋರ್ಟ್’ ಎಂಬ ಬಂದರಿನ ಹೆಸರೇ ನಿಂತಿತು. ಅಲ್ಲೂ ವ್ಯಾಪಾರ ಹಿಡಿದವರು ಇಂಗ್ಲಿಷರು. ಒಂದೇ ವ್ಯತ್ಯಾಸ: ಅಲ್ಲಿ ಬೆಟ್ಟಕ್ಕೂ ಎಲ್ಲೆಕಲ್ಲು, ಕಾನೂನು ಸಿಕ್ಕಿತು.

ಘಟ್ಟದ ರೈಲು ಬಂದದ್ದು ತೀರ ತಡ. ಹಾಸನ–ಮಂಗಳೂರು ನಡುವಿನ 189 ಕಿಲೋಮೀಟರ್ ಮೀಟರ್ ಗೇಜ್ ಹಳಿ 1979ರಲ್ಲಿ ತೆರೆಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದ ತನಕದ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳು, 109 ಸೇತುವೆಗಳು. 1990ರ ದಶಕದಲ್ಲಿ ಹಳಿ ಅಗಲಿಸಲೆಂದು ನಿಂತುಹೋದ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ.

ಕೊಯ್ದ ಕೈಗಳು

ಎಲಿಯಟ್ ಪುಸ್ತಕ ಬರೆದ. ಗಿಡ ನೆಟ್ಟವರು, ಕೊಯ್ದವರು ಬರೆಯಲಿಲ್ಲ. ದೊರೆಗಳ ಕಾಲದಲ್ಲಿ ಆಸುಪಾಸಿನ ಊರುಗಳ ದಲಿತರು, ಘಟ್ಟದ ಕೆಳಗಿನ ತುಳು ಮಾತಿನವರು, ತಮಿಳು ಸೀಮೆಯವರು ತೋಟಗಳಿಗೆ ಬಂದರು. ಮೇಸ್ತ್ರಿ ಊರಿಗೆ ಹೋಗಿ ಮುಂಗಡ ಕೊಟ್ಟು ಆಳು ಕರೆತರುವುದು ಪದ್ಧತಿ. ಮುಂಗಡ ಪಡೆದವನು ಕೆಲಸ ಬಿಟ್ಟು ಹೋದರೆ ಅದು ಬರೀ ಸಾಲದ ವಿಷಯವಲ್ಲ, ಅಪರಾಧ. 1859ರ ಕರಾರು ಭಂಗ ಕಾಯಿದೆಯಂತೆ ಜೈಲಿಗೂ ಕಳಿಸಬಹುದಿತ್ತು. ಆ ಕಾಯಿದೆ ರದ್ದಾದದ್ದು 1920ರ ದಶಕದಲ್ಲಿ. ತೋಟದ ಕೆಲಸಗಾರರಿಗೆ ಮನೆ, ಆಸ್ಪತ್ರೆ, ಕೂಸುಗಳಿಗೆ ತೊಟ್ಟಿಲಮನೆ ಕೊಡಬೇಕೆಂಬ ಕಾನೂನು ಬಂದದ್ದು 1951ರಲ್ಲಿ.

ಲೈನ್ ಮನೆ, ರೈಟರು, ಮೇಸ್ತ್ರಿ, ದೊರೆ ಎಂಬ ಪದಗಳು ಮಲೆನಾಡಿನ ಕನ್ನಡದಲ್ಲಿ ಇನ್ನೂ ಉಳಿದಿವೆ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬಿಳಿಯರು ತೋಟಗಳನ್ನು ಮಾರಿ ಹೋದರು. ಕೊಂಡವರು ಭಾರತೀಯರು. ಲೈನ್ ಮನೆ ಮಾತ್ರ ಲೈನ್ ಮನೆಯಾಗಿಯೇ ಉಳಿಯಿತು. ಈಗ ಕೊಯ್ಲಿನ ಕಾಲಕ್ಕೆ ಅಸ್ಸಾಮಿನ ಕಡೆಯವರೂ ಸಕಲೇಶಪುರದ ಸಂತೆಯಲ್ಲಿ ಕಾಣಸಿಗುತ್ತಾರೆ. ‘ಆಳು ಸಿಗುತ್ತಿಲ್ಲ’ ಎಂಬುದು ಬೆಳೆಗಾರರ ದೊಡ್ಡ ಚಿಂತೆ. ಆಳಿನ ಮಕ್ಕಳು ಓದಿ ಬೇರೆ ದಾರಿ ಹಿಡಿದರು ಎಂಬುದು ಅದೇ ಮಾತಿನ ಇನ್ನೊಂದು ಮುಖ.

ಹೆಸರು ಕರಗಿದ್ದು ಹೇಗೆ?

ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಮುಚ್ಚಿಹೋಯಿತು. ಕೊಳ್ಳುವವರಿಲ್ಲದೆ ಕಾಫಿ ಬೆಲೆ ನೆಲ ಮುಟ್ಟಿತು. ಬೆಳೆಗಾರರನ್ನು ಉಳಿಸಲು ಸರ್ಕಾರ ಮಧ್ಯೆ ಬಂತು. 1942ರ ಕಾಫಿ ಕಾಯಿದೆಯಂತೆ ಎಲ್ಲ ಬೆಳೆಗಾರರೂ ತಮ್ಮ ಕಾಫಿಯನ್ನು ಕಾಫಿ ಮಂಡಳಿಗೆ ಒಪ್ಪಿಸಬೇಕು. ಮಂಡಳಿ ಒಟ್ಟುಗೂಡಿಸಿ ಮಾರಿ, ಬಂದ ಹಣವನ್ನು ಕಂತುಗಳಲ್ಲಿ ಕೊಡುತ್ತದೆ. ಇದೇ ಪೂಲ್ ಪದ್ಧತಿ. ಸಣ್ಣ ಬೆಳೆಗಾರನಿಗೆ ಇದು ಊರುಗೋಲಾಯಿತು. ಮಾರುಕಟ್ಟೆ ಹುಡುಕುವ ತಲೆನೋವಿಲ್ಲ, ದಲ್ಲಾಳಿಯ ಕಾಟವಿಲ್ಲ.

ಆದರೆ ಪೂಲಿಗೆ ಬಿದ್ದ ಕಾಫಿಗೆ ಊರಿಲ್ಲ. ಹಾನಬಾಳಿನ ಎತ್ತರದಲ್ಲಿ ಬಸರಿಯ ನೆರಳಿಗೆ ಬೆಳೆದು ಹಣ್ಣು ಆರಿಸಿ ಕೊಯ್ದವನದೂ, ಎಲ್ಲಿಯೋ ಹಸಿರು ಕಾಯಿ ಸೇರಿಸಿ ಉದುರಿಸಿದವನದೂ ಗಾತ್ರ, ದರ್ಜೆ ಒಂದೇ ಆದರೆ ಲೆಕ್ಕವೂ ಹೆಚ್ಚುಕಡಿಮೆ ಒಂದೇ. ಅರ್ಧ ಶತಮಾನ ಇದು ನಡೆಯಿತು. ದ್ರಾಕ್ಷಾರಸದ ನಾಡುಗಳು ಕಣಿವೆಗೊಂದು ಹೆಸರಿಟ್ಟು ಬೆಲೆ ಏರಿಸಿಕೊಳ್ಳುತ್ತಿದ್ದ ಅದೇ ಕಾಲದಲ್ಲಿ ನಮ್ಮ ಬೆಟ್ಟಗಳ ಹೆಸರು ಗೋದಾಮಿನಲ್ಲಿ ಒಂದರೊಳಗೊಂದು ಬೆರೆತುಹೋದವು. ಅತ್ತ ತಾಲ್ಲೂಕಿನ ಹೆಸರೂ ಬದಲಾಯಿತು. ಹಳೆಯ ಗೆಜೆಟಿಯರುಗಳಲ್ಲಿ ಮಂಜರಾಬಾದ್ ತಾಲ್ಲೂಕು ಎಂದಿದ್ದದ್ದು ಸಕಲೇಶಪುರ ತಾಲ್ಲೂಕಾಯಿತು. ಹಳೆಯ ಹೆಸರು ಉಳಿದದ್ದು ಕೋಟೆಯ ಮೇಲೆ ಮತ್ತು ಕಾಫಿಯ ಪಟ್ಟಿಯಲ್ಲಿ.

1992ರಿಂದ ಪೂಲ್ ಸಡಿಲವಾಗುತ್ತ ಬಂದು 1996ರಲ್ಲಿ ಮಾರುಕಟ್ಟೆ ಪೂರ್ತಿ ಮುಕ್ತವಾಯಿತು. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಅಲ್ಲಿನ ಬೆಳೆ ಹಾಳಾದ್ದರಿಂದ ಇಲ್ಲಿ ಬೆಲೆ ಆಕಾಶಕ್ಕೇರಿತ್ತು. ಸಕಲೇಶಪುರದ ಬೀದಿಗಳಲ್ಲಿ ಹೊಸ ಜೀಪುಗಳು ಓಡಾಡಿದವು. ದಶಕ ಮುಗಿಯುವಷ್ಟರಲ್ಲಿ ಬೆಲೆ ಕುಸಿಯಿತು. 2001–02ರ ಹೊತ್ತಿಗೆ ಕೊಯ್ಲಿನ ಕೂಲಿಯೂ ಹುಟ್ಟದ ಸ್ಥಿತಿ. ಊರುಗೋಲು ಹೋಯಿತು, ಹೆಸರು ಇನ್ನೂ ಬಂದಿರಲಿಲ್ಲ.

2019ರಲ್ಲಿ ಐದು ಭಾರತೀಯ ಕಾಫಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ಆಂಧ್ರದ ಅರಕು ಕಣಿವೆಯ ಅರೇಬಿಕಾ, ಕೇರಳದ ವಯನಾಡು ರೊಬಸ್ಟಾ. ಆ ಐದರಲ್ಲಿ ಮಂಜರಾಬಾದ್ ಇರಲಿಲ್ಲ. ಹೆಸರಿನಿಂದ ಏನು ಬಂತು ಎನ್ನಬಹುದು. ಜಾಗತಿಕ ಬೆಲೆ ನಮ್ಮ ಕೈಯಲ್ಲಿಲ್ಲ. 1977ರ ದಾಖಲೆಯನ್ನು 2024ರ ಡಿಸೆಂಬರಿನಲ್ಲಿ ಮುರಿದ ಅರೇಬಿಕಾ ಬೆಲೆ 2025ರ ಫೆಬ್ರುವರಿಯಲ್ಲಿ ಪೌಂಡಿಗೆ 4 ಡಾಲರ್ ದಾಟಿತು; ಬ್ರೆಜಿಲಿನಲ್ಲಿ ಮಳೆ ಸರಿಯಾದರೆ ಇಳಿಯುವುದೂ ಅಷ್ಟೇ ಸುಲಭ. ಬೆಲೆ ಬಿದ್ದ ವರ್ಷದಲ್ಲೂ ಒಂದು ನಾಡಿನ ಕಾಫಿಯನ್ನು ಹುಡುಕಿಕೊಂಡು ಬರುವ ಗಿರಾಕಿ ಇರಬೇಕಾದರೆ ಆ ನಾಡಿಗೆ ಹೆಸರಿರಬೇಕು. ದೇಶದ ಕಾಫಿ ಹಿಡುವಳಿಗಳಲ್ಲಿ ಶೇಕಡ 98ಕ್ಕೂ ಹೆಚ್ಚು 10 ಹೆಕ್ಟೇರಿಗಿಂತ ಚಿಕ್ಕವು. ಜಾಹೀರಾತಿಗೆ ದುಡ್ಡಿಲ್ಲದ ಇಂಥವರಿಗೆ ಊರಿನ ಹೆಸರೇ ಬಂಡವಾಳ.

ನೆರಳಿನ ಲೆಕ್ಕ

ಹೆಸರು ಉಳಿಯಬೇಕಾದರೆ ಅದರ ಹಿಂದಿನ ನೆಲ ಉಳಿಯಬೇಕು. ಬಸರಿ, ಅತ್ತಿ, ನೇರಳೆ ಇದ್ದಲ್ಲಿ ಸಿಲ್ವರ್ ಓಕ್ ಬಂದಿದೆ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಕಡಿದು ಮಾರಬಹುದು. ಬೆಳೆಗಾರನ ಲೆಕ್ಕ ತಪ್ಪೆನ್ನಲಾಗದು. ಆದರೆ ಹಣ್ಣು ಬಿಡದ ಮರಕ್ಕೆ ಹಕ್ಕಿ ಬಾರದು, ನೆರಳೂ ತೆಳು. ಪಲ್ಪರಿನ ನೀರನ್ನು ತೊಟ್ಟಿಯಲ್ಲಿ ತಿಳಿಯಾಗಿಸದೆ ಹಳ್ಳಕ್ಕೆ ಬಿಟ್ಟರೆ ಅದು ಸೇರುವುದು ಹೇಮಾವತಿಯನ್ನೇ.

ಗೊರೂರಿನ ಬಳಿ 1979ರಲ್ಲಿ ಅಣೆಕಟ್ಟು ಮುಗಿದ ಮೇಲೆ ಹೇಮಾವತಿಯ ಹಿನ್ನೀರು ಆಲೂರಿನ ಕಡೆಗೂ ಚಾಚಿತು. ಹಿನ್ನೀರಿನ ಬದಿಯ ಕುರುಚಲು, ಅದಕ್ಕೆ ಹೊಂದಿಕೊಂಡ ತೋಟ, ಗದ್ದೆಗಳಲ್ಲಿ ಆನೆಗಳು ಓಡಾಡುತ್ತವೆ. ಬೆಳಗ್ಗೆ ಕೊಯ್ಲಿಗೆ ಹೊರಟ ಕೂಲಿ ಹೆಂಗಸು, ಸಂಜೆ ಶಾಲೆಯಿಂದ ಬರುವ ಮಗು ಆನೆಯ ಸುದ್ದಿ ಕೇಳಿಕೊಂಡೇ ಹೆಜ್ಜೆ ಇಡಬೇಕಾಗಿದೆ. 2014ರಲ್ಲಿ ಈ ಸೀಮೆಯಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರೂ ಸಮಸ್ಯೆ ಮುಗಿಯಲಿಲ್ಲ. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ, ಮೈಸೂರು ದಸರೆಯಲ್ಲಿ ವರ್ಷಗಟ್ಟಲೆ ಅಂಬಾರಿ ಹೊತ್ತ ಅರ್ಜುನ ಪ್ರಾಣ ಬಿಟ್ಟ.

ರಸ್ತೆಯ ಪಾಡೂ ನೆಮ್ಮದಿಯದಲ್ಲ. 2024ರ ಜುಲೈನಲ್ಲಿ ದೊಡ್ಡತಪ್ಪಲೆಯ ಬಳಿ ಗುಡ್ಡ ಕುಸಿದು ಹೆದ್ದಾರಿ ಬಂದಾಯಿತು. ಟಿಪ್ಪು ಕೋಟೆ ಕಟ್ಟಿ ಕಾದ, ವೆಲ್ಲೆಸ್ಲಿ ದಂಡು ತಂದು ತೆರೆದ, ಗಾಡಿಯೆತ್ತುಗಳು ಕಾಫಿ ಹೊತ್ತು ಇಳಿದ ದಾರಿ ಇಂದು ಒಂದೇ ಮಳೆಗೆ ಮುಚ್ಚಿಹೋಗಬಲ್ಲದು.

ಮುಂದಿನ ಸಲ ಶಿರಾಡಿಯ ಕಡೆ ಹೋಗುವ ಓದುಗರು ಸಕಲೇಶಪುರದಲ್ಲಿ ಇಳಿದು ಕಾಫಿ ಕುಡಿಯುವಾಗ ಒಂದು ಕೆಲಸ ಮಾಡಬಹುದು. ಪುಡಿ ಮಾರುವ ಅಂಗಡಿಗೆ ಹೋಗಿ ‘ಚಿಕೋರಿ ಎಷ್ಟು?’ ಎಂದು ಕೇಳುವುದು ನಮಗೆಲ್ಲ ರೂಢಿ. ಅದರ ಜೊತೆಗೆ ‘ಬೀಜ ಯಾವ ಕಡೆಯದು? ಹಾನಬಾಳಿನದೋ, ಹೆತ್ತೂರಿನದೋ, ಆಲೂರಿನದೋ?’ ಎಂದೂ ಕೇಳಿ. ಅಂಗಡಿಯವರಿಗೆ ಇಂದು ಉತ್ತರ ಗೊತ್ತಿಲ್ಲದಿರಬಹುದು. ಹತ್ತು ಜನ ಕೇಳಿದರೆ ಅವರೂ ತಿಳಿದುಕೊಂಡಾರು. ಡೌರೊದಲ್ಲಿ ಎಲ್ಲೆಕಲ್ಲು ನೆಡಲು ಸರ್ಕಾರ ಬೇಕಾಯಿತು. ಇಲ್ಲಿ ಕುಡಿಯುವವರ ಬಾಯಿಂದಲೂ ಆ ಕೆಲಸ ಶುರುವಾಗಬಹುದು.